ಎಮ್ಮೆಯ ಪಾಲಿನ ಹುರುಳಿ

"ಅಜ್ಜಾರೇ, ಹಿರಿಯರ ಮಾತು ಮೀರುವುದು ಪಾಪವಲ್ಲವೇ?" ಎಂದು ಅಡಿವೆಪ್ಪ ಗುರುಗಳನ್ನು ಕೇಳಿದ. ಅವನ ಹೆಂಡತಿ ಐದು ತಿಂಗಳ ಬಸುರಿ. ಅತ್ತೆ ಬೇಡವೆಂದರೂ ಆಕೆ ಹೊತ್ತಲ್ಲದ ಹೊತ್ತಿನಲ್ಲಿ ರೊಟ್ಟಿ ತಿಂದಿದ್ದಳು. ಮೂರು ದಿನದಿಂದ ಮನೆಯಲ್ಲಿ ಇದೇ ರಂಪವಾಗಿತ್ತು.

ಪಾಪ ಪುಣ್ಯ ಆಮೇಲೆ, ಮೊದಲು ಕೂತುಕೋ ಎಂದು ಗದರಿಸಿ ಗುರುಗಳು ಹೇಳತೊಡಗಿದರು.

ಒಬ್ಬ ರೈತನಿದ್ದ. ಅವನ ಹೆಂಡತಿ ಬಸುರಿ. ಕೊಟ್ಟಿಗೆಯಲ್ಲಿ ಎಮ್ಮೆಯೂ ಗಬ್ಬವಾಗಿತ್ತು. ಹೆಂಡತಿಗೆ ಇದು ಎರಡನೆಯ ಬಸಿರು. ಮೊದಲ ಕೂಸು ತೀರ ಸಣ್ಣದಾಗಿ ಹುಟ್ಟಿ, ಹನ್ನೊಂದು ದಿನ ಬದುಕಿ ತೀರಿಕೊಂಡಿತ್ತು. ಈ ಸಲವಾದರೂ ಬಸುರಿಗೆ ಕಾಳು, ಸೊಪ್ಪು, ಹಾಲು ಹೊಟ್ಟೆ ತುಂಬ ಹಾಕಿ ಎಂದು ಸೂಲಗಿತ್ತಿ ಹೇಳಿ ಹೋಗಿದ್ದಳು. ಅತ್ತೆ, ಗಂಡ, ಸೊಸೆ ಮೂವರೂ ಕೇಳಿಸಿಕೊಂಡಿದ್ದರು. ಗೊತ್ತಿರಲಿಲ್ಲ ಎಂದು ಆ ಮನೆಯಲ್ಲಿ ಯಾರೂ ಹೇಳುವ ಹಾಗಿರಲಿಲ್ಲ.

ಆದರೆ ತಿಂದರೆ ಕೂಸು ದಪ್ಪವಾಗುತ್ತದೆ, ದಪ್ಪವಾದರೆ ಹೆರಿಗೆ ಕಷ್ಟ ಎಂಬುದು ಅತ್ತೆಯ ವಾದ. ಅವಳೇನು ಕೆಟ್ಟವಳಲ್ಲ. ಅವಳ ಒಡಹುಟ್ಟಿದ ತಂಗಿ ಹೆರಲಾರದೆ ಅವಳ ಕಣ್ಣೆದುರೇ ಸತ್ತಿದ್ದಳು. ಹಾಗಾಗಿ ಸೊಸೆಗೆ ಒಂದೇ ರೊಟ್ಟಿ, ಅದೂ ಎಲ್ಲರೂ ಉಂಡ ಮೇಲೆ. ಇನ್ನು ಗಂಡನೆಂಬ ಮಹಾಶಯ! ಅವ್ವನ ಎದುರು ತುಟಿ ಪಿಟಕ್ಕೆನ್ನದವನು, ದಿನಾ ಬೆಳಿಗ್ಗೆ ಹೆಂಡತಿಯ ಕೈಯಿಂದ ಹುರುಳಿ ಬೇಯಿಸಿಕೊಂಡು, ಬೆಲ್ಲ ಕಲಸಿ ಎಮ್ಮೆಗೆ ಇಡುತ್ತಿದ್ದ. ಕರು ದಷ್ಟಪುಷ್ಟವಾಗಿ ಹುಟ್ಟಬೇಕಲ್ಲ, ಅದಕ್ಕೆ.

ಏಳನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ಅವಳು ಹುರುಳಿ ಬೇಯಿಸಿದಳು, ಕೊಟ್ಟಿಗೆಗೆ ಕೊಡಲಿಲ್ಲ. ಪಡಸಾಲೆಯಲ್ಲಿ ಗಂಡ ಕೂರುವ ಮಣೆಯ ಮೇಲೆ ಕೂತು, ಗಂಗಾಳಕ್ಕೆ ಬಡಿಸಿಕೊಂಡು ಎಲ್ಲರಿಗಿಂತ ಮೊದಲು ಉಣ್ಣತೊಡಗಿದಳು. ದನದ ಪಾಲಿಗೆ ಬಾಯಿ ಹಾಕಿದಳೆಂದು ಅತ್ತೆ ಎದೆ ಬಡಿದುಕೊಂಡಳು. ಗಂಡ ಗಂಗಾಳಕ್ಕೆ ಕೈ ಹಾಕಿದ. ಅವಳು ಬಿಡಲಿಲ್ಲ.

"ಎಮ್ಮೆಯ ಕರು ದೊಡ್ಡದಾಗಬೇಕು, ನನ್ನ ಕೂಸು ಸಣ್ಣದಾಗಬೇಕು, ಇದು ಯಾವ ನ್ಯಾಯ? ಒಂದನ್ನು ಮಣ್ಣಿಗೆ ಕೊಟ್ಟಿದ್ದೇನೆ, ಇನ್ನೊಂದನ್ನು ಕೊಡುವುದಿಲ್ಲ. ನಾಳೆಯೂ ಹೀಗೇ ಉಣ್ಣುತ್ತೇನೆ. ಮನೆ ಬಿಟ್ಟು ಹೋಗು ಎಂದರೆ ಉಂಡೇ ಹೋಗುತ್ತೇನೆ."

"ನೀನೂ ನನ್ನ ತಂಗಿಯ ಹಾಗೆ ಸತ್ತರೆ?" ಎಂದು ಅತ್ತೆ ಅತ್ತಳು.

"ಹೆರಿಗೆ ಕಷ್ಟವಾದರೆ ಸೂಲಗಿತ್ತಿ ಇದ್ದಾಳೆ, ಅತ್ತೆ. ಹೊಟ್ಟೆಯೊಳಗೇ ಹಸಿದ ಕೂಸಿಗೆ ನನ್ನನ್ನು ಬಿಟ್ಟರೆ ಯಾರಿದ್ದಾರೆ?"

ಮರುದಿನವೂ ಅವಳು ಅದೇ ಮಣೆಯ ಮೇಲೆ ಕೂತಳು. ಎಮ್ಮೆಯ ಪಾಲು ತಿಂದವಳು ಎಂದು ಓಣಿಯ ಜನ ಆಡಿಕೊಂಡರು. ಆಡಿಕೊಳ್ಳಲಿ, ಆಡಿದ ಬಾಯಿಯಿಂದ ನನ್ನ ಕೂಸಿಗೆ ತುತ್ತು ಬರುವುದಿಲ್ಲ ಎಂದಳು. ಮೂರನೆಯ ದಿನ ಅತ್ತೆ ತಾನೇ ಇನ್ನೊಂದು ಪಾವು ಹುರುಳಿ ಮಡಕೆಗೆ ಸುರಿದಳು. ಎಮ್ಮೆಯೂ ಉಂಡಿತು, ಸೊಸೆಯೂ ಉಂಡಳು. ತಿಂಗಳು ತುಂಬಿತು. ಹೆರಿಗೆಯಾಯಿತು, ನೋವು ಎಲ್ಲರಿಗೂ ಆಗುವಷ್ಟೇ ಆಯಿತು. ಕೂಸು ಅತ್ತದ್ದು ಓಣಿಯ ಕೊನೆಯ ಮನೆಗೂ ಕೇಳಿಸಿತು.

ಗುರುಗಳು ಕತೆ ನಿಲ್ಲಿಸಿದರು. ಅಡಿವೆಪ್ಪನಿಗೆ ಸ್ವಲ್ಪ ಹಗುರವಾದಂತಾಯಿತು. ಹಾಗಾದರೆ ತಪ್ಪೆಲ್ಲ ಆ ಅತ್ತೆಯದೇ ಎಂದ.

"ಅವಳು ಸಾವನ್ನು ಕಂಡು ಹೆದರಿದ್ದಳು ಕಣಯ್ಯಾ, ನೀನು ಏನನ್ನು ಕಂಡು ಸುಮ್ಮನಿದ್ದೀಯ?"