ಹೆಸರು ಕಳಕೊಂಡ ಮರಳು

ಭೂಮಿ ಇನ್ನೂ ಹಸಿಹಸಿಯಾಗಿದ್ದ ಕಾಲ. ಕಲ್ಲು, ಗಾಳಿ, ಹೊಳೆ ಎಲ್ಲಕ್ಕೂ ಬಾಯಿತ್ತು. ಬಾಯಿದ್ದ ಮೇಲೆ ಜಗಳವೂ ಇತ್ತು ಅನ್ನು, ಮಗಾ.

ಆಗ ಹೊಳೆದಂಡೆಯ ಮರಳಿಗೆ ಚೆಂದದ ಹೆಸರಿತ್ತು, ಶರ್ಕರೆ ಅಂತ. ಏನು ಬಂತು? ಆ ಹೆಸರು ಹಿಡಿದು ಕರೆಯೋರೇ ಇರಲಿಲ್ಲ. ಎಲ್ಲರೂ ಅದನ್ನು ತುಳಿದುಕೊಂಡು ಪುಟ್ಟಚನ್ನಮ್ಮನ ಆಲೆಮನೆಗೆ ಓಡೋರು. ಆಕೆ ಕಬ್ಬು ಹಿಂಡಿ, ಆ ಹಾಲನ್ನು ದೊಡ್ಡ ಕೊಪ್ಪರಿಗೆಯಲ್ಲಿ ಕಾಯಿಸಿ ಬೆಲ್ಲ ಮಾಡುವಾಕೆ. ಆಲೆಮನೆಗೆ ಬಂದವರನ್ನು ಬರಿಗೈಲಿ ಕಳಿಸಬಾರದು ಅನ್ನೋದು ಆಕೆಯ ನೇಮ.

"ಬಾರವ್ವಾ, ಕಬ್ಬಿನ ಹಾಲು ಕುಡಿ! ಬಾರಪ್ಪಾ, ಬಿಸಿ ಬೆಲ್ಲ ತಗೋ!"

ಮರಳಿಗೆ ಮೈಯೆಲ್ಲ ಉರಿ. "ಆ ಕಬ್ಬು ಬೆಳೆದದ್ದು ನನ್ನ ಪಕ್ಕದಲ್ಲೇ. ಅದಕ್ಕೆ ಮುದ್ದು, ನನಗೆ ಒದೆ! ಒಂದೇ ಒಂದು ಸಲ ಯಾರಾದರೂ ನನ್ನ ಹೆಸರನ್ನ ಬಾಯ್ತುಂಬ ಕರೀಬಾರದಾ?"

"ಸುಮ್ಮನಿರೇ," ಅಂದಿತು ಹೊಳೆ. "ನೀನಿಲ್ಲದಿದ್ದರೆ ನನ್ನ ನೀರು ತಿಳಿಯಾಗ್ತಿತ್ತಾ?" ಹೊಟ್ಟೆಕಿಚ್ಚಿನವರಿಗೆ ಬುದ್ಧಿಮಾತು ಹಿಡಿಸುತ್ತಾ? ಮರಳು ಗಾಳಿಯನ್ನು ಕರೆಯಿತು. "ನನ್ನ ಒಂದು ಹಿಡಿ ಆ ಕೊಪ್ಪರಿಗೆಗೆ ಎಸಿ. ಅವಳ ಬೆಲ್ಲ ಕೆಡಲಿ!"

ಗಾಳಿಗೇನು, ಯಾರು ಕರೆದರೂ ಹೊರಟಿತು.

ಪುಟ್ಟಚನ್ನಮ್ಮ ಪಾಕದ ರುಚಿ ನೋಡಿದಳು. ಹಲ್ಲಿಗೆ ಕರಕ್ ಅಂತು. "ಥೂ! ಇನ್ನು ಬಂದವರ ಕೈಗೆ ಏನು ಕೊಡಲಿ?" ಅಂತ ತಲೆ ಮೇಲೆ ಕೈ ಹೊತ್ತು ಕೂತಳು. ಅವತ್ತು ಪಾಕವನ್ನು ತಿರುವಿ ಬೆಲ್ಲ ಕಟ್ಟಲೇ ಇಲ್ಲ. ಕೊಪ್ಪರಿಗೆ ಮೂಲೆ ಸೇರಿತು. ದಂಡೆಯಲ್ಲಿ ಮರಳು ಕಿಸಕ್ಕನೆ ನಕ್ಕಿತು.

ತಿರುವದ ಪಾಕ ಮೆಲ್ಲಗೆ ಆರಿತು. ಒಳಗೆ ಬಿದ್ದಿದ್ದ ಹಿಡಿ ಮರಳು ತಳ ಸೇರಿತು. ಮೇಲೆ ಹರಳು ಹರಳಾಗಿ ಏನೋ ಕಟ್ಟಿತು. ಎಷ್ಟೋ ದಿನದ ಮೇಲೆ ಇರುವೆ ಸಾಲು ಕಂಡು ಪುಟ್ಟಚನ್ನಮ್ಮ ಒಂದು ಚೂರು ಬಾಯಿಗಿಟ್ಟಳು.

"ಅಯ್ಯೋ ಬನ್ರೇ! ಥೇಟ್ ಹೊಳೆದಂಡೆ ಶರ್ಕರೆ ಕಣ್ರೇ, ಆದರೆ ಸಿಹಿ!"

ಮಕ್ಕಳೆಲ್ಲ ಕೈಚಾಚಿ ಕೂಗಿದರು, "ಶರ್ಕರೆ ಕೊಡು! ಶರ್ಕರೆ ಕೊಡು!"

ಮರಳಿನ ಎದೆ ಉಬ್ಬಿತು. "ನನ್ನನ್ನೇ ಕರೀತಿದ್ದಾರೆ! ಬಂದೆ, ಬಂದೆ!" ಅಂತ ಗಾಳಿ ಹತ್ತಿ ಓಡಿಬಂತು.

"ಥೂ, ಕಣ್ಣಿಗೆ ಬಿತ್ತು! ಇದಲ್ಲ ಶರ್ಕರೆ!" ಅಂದವರೇ ಮಕ್ಕಳು ಬಾಗಿಲು ಹಾಕಿಕೊಂಡರು.

ಆ ಹೆಸರೇ ಬಾಯಿಂದ ಬಾಯಿಗೆ ಉರುಳಿ ಸಕ್ಕರೆ ಆಯಿತು. ಕೆಡಿಸಲು ಹೋದ ಮರಳು ಇದ್ದ ಹೆಸರನ್ನೂ ಕೊಟ್ಟು ಬಂತು. ಆ ಉರಿ ಇನ್ನೂ ಆರಿಲ್ಲ. ಅದಕ್ಕೇ ಮಗಾ, ನಡುಮಧ್ಯಾಹ್ನ ನೀನು ಸಕ್ಕರೆ ಮೆಲ್ಲುತ್ತಾ ಬರಿಗಾಲಲ್ಲಿ ಹೊಳೆಗೆ ಓಡಿದರೆ, ಮರಳು ನಿನ್ನ ಅಂಗಾಲನ್ನು ಚುರ್ ಅಂತ ಸುಡೋದು.