ಎಮ್ಮೆ ಉಸಿರಿನ ಕರೆಂಟು

ಗದಗಿನ ಗುರುಪಾದಪ್ಪ ಸಾಹುಕಾರರು ತಮ್ಮ ಅಂಗಡಿ ಸಾಲಿನ ಮಾಳಿಗೆಯ ಮೇಲೆ ಗಾಳಿಯಂತ್ರ ಹಾಕಿಸಿದರು. ಅದರಿಂದ ಒಂದು ಬಲ್ಬು ಉರಿಸಿ, ಜನ ಸೇರಿಸಿ, ಬಾಡಿಗೆಗಿದ್ದ ಇಸ್ತ್ರಿಯವನಿಗೆ ಅಪ್ಪಣೆ ಮಾಡಿದರು.

"ಎಮ್ಮಿ ಉಸಿರು ಬಿಟ್ರೂ ಸಾವಿರ ವ್ಯಾಟ್ ಕೊಡತೈತಿ. ನಾಳಿಂದ ನಿನ್ನ ಅಂಗಡಿಗೆ ಇದ ಕರೆಂಟು. ಹಳೇ ಲೈನ್ ಕೀಳಸ್ತೀನಿ."

ಇಸ್ತ್ರಿಯವ ಕೈಮುಗಿದ. "ಹಂಗಾದ್ರ ಬೋಣಿಗಿ ನಿಮ್ಮದ ಆಗ್ಲಿರಿ ಸಾವ್ಕಾರ್ರ. ಅಂಗಿ ಬಿಚ್ಚಿ ಕೊಡ್ರಿ."

ಅಷ್ಟು ಜನರ ಮುಂದೆ ಒಲ್ಲೆ ಎನ್ನಲಾದೀತೇ? ಬಿಚ್ಚಿ ಕೊಟ್ಟರು. ಇವನು ಅಂಗಿಗೆ ಧಾರಾಳವಾಗಿ ನೀರು ಚಿಮುಕಿಸಿ, ಇಸ್ತ್ರಿಪೆಟ್ಟಿಗೆಯನ್ನು ಯಂತ್ರದ ವಯರಿಗೆ ಜೋಡಿಸಿದ. ಉರಿಯುತ್ತಿದ್ದ ಬಲ್ಬೂ ಆರಿತು. ಪೆಟ್ಟಿಗೆ ತಣ್ಣಗೇ ಉಳಿಯಿತು.

"ಇವತ್ತ ಗಾಳಿ ಕಮ್ಮಿ ಐತಿ," ಎಂದರು ಬನಿಯನ್ನಿನಲ್ಲಿದ್ದ ಸಾಹುಕಾರರು.

ಇಸ್ತ್ರಿಯವ ಚಪ್ಪಲಿ ಮೆಟ್ಟಿದ. "ನಿಂದರ್ರಿ, ಎಮ್ಮಿ ಹಿಡ್ಕೊಂಡು ಬರ್ತೀನಿ."