ಕ್ಯಾಮೆರಾ ನೋಡಬೇಡ

"ಬೇಡದ್ದನ್ನು ಒಂದೊಂದಾಗಿ ಬಿಡುತ್ತ ಬಂದಿದ್ದೇನೆ, ಗುರುಗಳೇ. ಬೆಳಿಗ್ಗೆ ನಮ್ಮಕ್ಕ ನೋಡಲು ಬಂದಿದ್ದಳು. ಭೇಟಿಯಾಗದೆ ಹಿಂದಕ್ಕೆ ಕಳಿಸಿದೆ. ಇನ್ನೂ ಏನನ್ನು ಬಿಡಬೇಕು?" ಎಂದು ಶಿಷ್ಯ ಕೇಳಿದ.

ಗುರು ಈ ಕತೆ ಹೇಳಿದರು.

ಒಬ್ಬ ಫೋಟೋಗ್ರಾಫರ್ ಇದ್ದ. ಮದುವೆ ಮುಂಜಿಗಳ ಫೋಟೋ ತೆಗೆಯುತ್ತಿರಲಿಲ್ಲ. ಮೆಟ್ಟಿಲ ಮೇಲೆ ಬಿದ್ದ ನೆರಳು, ತಂತಿಯ ಮೇಲಿನ ಒದ್ದೆ ಬಟ್ಟೆ, ಸುಣ್ಣ ಉದುರಿದ ಗೋಡೆ, ಇಂಥವನ್ನು ತೆಗೆಯುತ್ತಿದ್ದ. ಜನ ಮೊದಲು ನಕ್ಕರು. ಆಮೇಲೆ ಇವನದು ಹೊಸ ಕಣ್ಣು ಎಂದರು. ಚಿತ್ರದಲ್ಲಿ ಬೇಡದ್ದು ಒಂದೆಳೆಯೂ ಇರಬಾರದೆಂಬುದು ಅವನ ವ್ರತ.

ಒಮ್ಮೆ ಸಿನಿಮಾ ಮಾಡಲು ಹೊರಟ. ಕತೆಯಿಲ್ಲ, ಹಾಡಿಲ್ಲ. ಒಬ್ಬ ಹೆಂಗಸಿನ ಒಂದು ದಿನ, ಅಷ್ಟೇ. ನಟಿ ಬೇಡವೆಂದು ಹೆಂಡತಿಯನ್ನೇ ನಿಲ್ಲಿಸಿದ. ಅವಳು ನೀರು ಸೇದಿದಳು, ಅಕ್ಕಿ ಕೇರಿದಳು, ಬಟ್ಟೆ ಹರವಿದಳು. ಎಲ್ಲ ಸರಿಯೇ. ಆದರೆ ನಡುನಡುವೆ ತಲೆಯೆತ್ತಿ ಕ್ಯಾಮೆರಾ ನೋಡಿಬಿಡುತ್ತಿದ್ದಳು. ನೋಡಿದರೆ ಚಿತ್ರ ಕೆಟ್ಟಂತೆಯೇ.

ಕ್ಯಾಮೆರಾ ನೋಡಬೇಡವೆಂದು ಎಷ್ಟು ಸಲ ಹೇಳಲಿ ಎಂದು ಅವನು ರೇಗಿದ.

"ನಾನೆಲ್ಲಿ ಅದನ್ನ ನೋಡ್ದೆ? ಅದರ ಹಿಂದೆ ನಿಂತಿರೋರು ನೀವಲ್ವಾ?" ಎಂದಳು ಅವಳು.

ಅವಳು ನೋಡಿದ ಕಡೆಯಲ್ಲೆಲ್ಲ ಅವನು ಫಿಲ್ಮನ್ನು ಕತ್ತರಿಸಿ ಬುಟ್ಟಿಗೆ ಹಾಕಿದ. ಕಸ ಗುಡಿಸುವಾಗ ಅವಳೇ ಆ ಚೂರುಗಳನ್ನು ಒಯ್ದು ಬಚ್ಚಲ ಹಂಡೆಯ ಒಲೆಗೆ ಹಾಕುತ್ತಿದ್ದಳು. ಭರ್ರನೆ ಉರಿಯುತ್ತವೆ, ಸೌದೆಗಿಂತ ಇವೇ ವಾಸಿ ಎಂದು ನಗುತ್ತಿದ್ದಳು. ಆ ನೀರಿನಲ್ಲಿ ಅವನು ಸ್ನಾನ ಮಾಡಿದ.

ಬರಬರುತ್ತ ಅವಳು ಕಲಿತಳು. ಕ್ಯಾಮೆರಾ ಇಲ್ಲದಾಗಲೂ, ಬಡಿಸುವಾಗಲೂ, ತಟ್ಟೆಯನ್ನೇ ನೋಡುತ್ತಿದ್ದಳು.

ಸಿನಿಮಾ ದೇಶಾಂತರ ಹೋಯಿತು. ಆ ಹೆಂಗಸಿಗೆ ಜಗತ್ತಿನಲ್ಲಿ ಯಾರೂ ಇಲ್ಲವೇನೋ ಅನ್ನಿಸುತ್ತದೆ ಎಂದು ಬಲ್ಲವರು ಹೊಗಳಿದರು. ಅವನು ತಲೆಬಾಗಿ ಹೊಗಳಿಕೆಯನ್ನು ಒಪ್ಪಿಕೊಂಡ.

ಹೆಂಡತಿ ತೀರಿಕೊಂಡಳು. ವೈಕುಂಠ ಸಮಾರಾಧನೆಯ ದಿನ ಹಾರ ಹಾಕಲು ಒಂದು ಫೋಟೋ ಬೇಕೆಂದು ಅವಳ ತಮ್ಮ ಬಂದು ಕೇಳಿದ. ಅವನು ಪೆಟ್ಟಿಗೆಗಳನ್ನೆಲ್ಲ ಬಿಚ್ಚಿ ಹುಡುಕಿದ. ಅವಳ ಕೈಯಿತ್ತು, ಹೆರಳು ಇಳಿಬಿದ್ದ ಬೆನ್ನಿತ್ತು, ಗೋಡೆಯ ಮೇಲೆ ಅವಳ ನೆರಳಿತ್ತು.

"ಊರವರ ಗೋಡೆಯನ್ನೆಲ್ಲ ತೆಗೆದಿದ್ದೀರಿ, ಭಾವ. ನಮ್ಮಕ್ಕನ ಮುಖ ಒಂದು ಸಿಗೋದಿಲ್ವೆ?" ಎಂದ ಅವಳ ತಮ್ಮ.

ಅವನು ಕಿಟಕಿ ಮುಚ್ಚಿ ಸಿನಿಮಾ ಹಾಕಿದ. ಅವಳು ಬಾವಿ ನೋಡಿದಳು, ಮೊರ ನೋಡಿದಳು, ಮೋಡ ನೋಡಿದಳು. ಅವನು ಎದ್ದು ಪರದೆಯ ಎಡಕ್ಕೆ ಹೋಗಿ ನಿಂತ. ಬಲಕ್ಕೆ ಹೋಗಿ ನಿಂತ. ಅವಳು ಬಾವಿಗೆ ಬಗ್ಗಿದಾಗ ನೆಲದಲ್ಲಿ ಕೂತು ಕೆಳಗಿನಿಂದ ನೋಡಿದ. ಎಲ್ಲಿ ನಿಂತರೂ ಅವಳ ನೋಟ ಅವನ ಪಕ್ಕದಿಂದ ಹಾದುಹೋಯಿತು.

ಹಾರವನ್ನು ಕೊನೆಗೆ ಅವಳ ಬೆನ್ನಿನ ಫೋಟೋಕ್ಕೆ ಹಾಕಿದರು.

ಗುರು ಅಲ್ಲಿಗೆ ನಿಲ್ಲಿಸಿದರು. ಅಷ್ಟು ಕಣ್ಣಿದ್ದವನಿಗೆ ಬೇಡದ್ದು ಯಾವುದೆಂದು ತಿಳಿಯಲಿಲ್ಲವೇ ಎಂದು ಶಿಷ್ಯ ಕೇಳಿದ.

ಬೆಳಿಗ್ಗೆ ಶಿಷ್ಯನ ಅಕ್ಕ ಹಿಂದಿರುಗಿ ಹೋದ ದಾರಿಯ ಕಡೆ ಗುರು ನೋಡಿದರು.

"ನಿನ್ನಷ್ಟೇ ಚೆನ್ನಾಗಿ ತಿಳಿದಿತ್ತು."